ಯೆಜ್ಡಿ ನಿಂತರೆ ಮೊದಲು ಕಿಡಿ ನೋಡಿ

ಕೆಂಕೆರೆಯಿಂದ ಕೊಬ್ಬರಿ ಚೀಲ ಹೇರ್ಕೊಂಡು ತಿಪಟೂರಿಗೆ ಹೊರಟರೆ ನನ್ನ ಹಳೇ ಯೆಜ್ಡಿ ಅರ್ಧ ದಾರೀಲಿ ಆಫ್. ಅರ್ಧ ಗಂಟೆ ನೆರಳಲ್ಲಿ ನಿಲ್ಸಿದ್ರೆ ಒಂದೇ ಕಿಕ್ಕಿಗೆ ಸ್ಟಾರ್ಟು! ಹೀಗೆ ಎರಡು ಹರಾಜು ತಪ್ಪಿದವು. ಮೂರು ಪ್ಲಗ್ ಬದಲಾಯಿಸಿದೆ. ಮೆಕ್ಯಾನಿಕ್ ಒಬ್ಬರು ‘ಬೋರ್ ಹೋಗಿದೆ, ಎಂಜಿನ್ ಇಳಿಸ್ಬೇಕು’ ಅಂದರು. ಆ ದುಡ್ಡಿಗೆ ನನ್ನ ರಾಗಿ ಹೊಲದ ಗೊಬ್ಬರವೇ ಬರ್ತದೆ.

ಮನೇಲೇ ನೋಡೋಣ ಅಂತ ಗಾಡಿ ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದೆ. (ಪ್ಲಗ್ ತೂತಿನಿಂದ, ಪೆಟ್ರೋಲಿನಿಂದ ದೂರ ಇರಲಿ.) ನೀಲಿ ಕಿಡಿ ಚಟ್ ಅನ್ನಬೇಕು. ನನ್ನದು ಹಳದಿ, ಬಡಕಲು. ಹೊಸ ಪ್ಲಗ್ಗಲ್ಲೂ ಅದೇ! ಪಾಯಿಂಟ್ ಮುಚ್ಚಳ ತೆಗೆದರೆ ದಪ್ಪ ಕಿಡಿ ಅಲ್ಲೇ ಹಾರ್ತಿತ್ತು. ಪಾಯಿಂಟ್ ತೆರೆದಾಗ ಕರೆಂಟು ಹೀರಿಕೊಳ್ಳಬೇಕಾದ ಕಂಡೆನ್ಸರ್ ಸೋತಿತ್ತು. ಅದಕ್ಕೇ ಪಾಯಿಂಟ್ ಸುಟ್ಟು ಕರ್ರಗಾಗಿತ್ತು, ಪ್ಲಗ್ಗಿಗೆ ಜೋರಿರಲಿಲ್ಲ.

ಕಂಡೆನ್ಸರ್ ಬದಲಾಯಿಸಿದೆ. ಪಾಯಿಂಟನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಒರೆಸಿ, 0.4 ಮಿ.ಮೀ. ಸಂದು ಇಟ್ಟೆ. ಈಗ ತಿಪಟೂರಿಗೆ ಹೋಗಿ ಬಂದರೂ ನಿಲ್ಲೋದಿಲ್ಲ. ನಿಮ್ಮದು ಆಮೇಲೂ ಬಿಸಿಯಲ್ಲಿ ನಿಂತರೆ ಕಾಯಿಲ್ ನೋಡಿಸಿ. ಸಿಡಿಐ ಗಾಡಿಗೆ ಪಾಯಿಂಟೇ ಇಲ್ಲ, ಅದರ ದಾರಿ ಬೇರೆ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಂಗಡಿಗೆ ಹಳೇ ಕಂಡೆನ್ಸರನ್ನೇ ಒಯ್ದು, ಪಕ್ಕದಲ್ಲಿಟ್ಟು ನೋಡಿ ಕೊಳ್ಳಿ.