‘ಗ್ರಾಫೀನ್’ ಬ್ಯಾಟರಿಗೆ ಜಾಸ್ತಿ ದುಡ್ಡು ಕೊಡೋ ಮುಂಚೆ ಇದನ್ನ ತಿಳ್ಕೊಳ್ಳಿ

ಬಾಣಾವರ: ಕಡಿಮೆ ವೇಗದ ಎಲೆಕ್ಟ್ರಿಕ್ ಸ್ಕೂಟರ್‌ಗಳ ಜಾಹೀರಾತಿನಲ್ಲಿ ‘ಗ್ರಾಫೀನ್ ಬ್ಯಾಟರಿ’ ಅನ್ನೋ ಮಾತು ಈಗ ಕಾಣ್ತಿದೆ. ಹೀಗೆ ಮಾರಾಟವಾಗೋ ಎಷ್ಟೋ ಬ್ಯಾಟರಿಗಳು ಮಾಮೂಲಿ ಲೆಡ್-ಆಸಿಡ್ ಬ್ಯಾಟರಿಗಳೇ. ಸೀಸದ ಪ್ಲೇಟಿಗೆ ಸ್ವಲ್ಪ ಗ್ರಾಫೀನ್ ಪುಡಿ ಬೆರೆಸಿರ್ತಾರೆ ಅಷ್ಟೆ. ಆ ಪುಡಿ ಎಂಥದ್ದು ಅನ್ನೋದೇ ಮುಖ್ಯ ಪ್ರಶ್ನೆ.

ಏನಿದು ಗ್ರಾಫೀನ್?

ಪೆನ್ಸಿಲ್ ಕಡ್ಡಿಯಲ್ಲಿ ಗ್ರಾಫೈಟ್ ಇರುತ್ತೆ. ಅದು ಇಂಗಾಲದ ಹಾಳೆಗಳ ಕಂತೆ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟ್‌ನಲ್ಲಿ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. ಅದರಲ್ಲಿ ಒಂದೇ ಹಾಳೆ ಬಿಡಿಸಿದರೆ ಅದೇ ಗ್ರಾಫೀನ್. ಅದರಲ್ಲಿ ಕರೆಂಟ್ ಬಹಳ ಸಲೀಸಾಗಿ ಹರಿಯುತ್ತೆ. 2004ರಲ್ಲಿ ಮ್ಯಾಂಚೆಸ್ಟರ್‌ನ ಆಂದ್ರೆ ಗೈಮ್, ಕಾನ್‌ಸ್ಟಂಟಿನ್ ನೊವೊಸೆಲೊವ್ ಗಮ್ ಟೇಪ್ ಅಂಟಿಸಿ ಕಿತ್ತು ಇದನ್ನ ಬೇರ್ಪಡಿಸಿದ್ರು. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದ್ರೆ ಟೇಪ್‌ನಿಂದ ಕೆಜಿಗಟ್ಟಲೆ ತೆಗೆಯೋಕಾಗಲ್ಲ. ಅದಕ್ಕೇ ರಾಸಾಯನಿಕ ವಿಧಾನ.

ಎರಡು ಹಂತದ ಕೆಲಸ

1958ರಲ್ಲಿ ಪ್ರಕಟವಾದ ಹಮ್ಮರ್ಸ್ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಗ್ರಾಫೈಟ್ ಪುಡಿಗೆ ಸಲ್ಫ್ಯೂರಿಕ್ ಆಸಿಡ್, ಪೊಟ್ಯಾಸಿಯಂ ಪರ್ಮಾಂಗನೇಟ್ ಸೇರಿಸ್ತಾರೆ. ಹಾಳೆಗಳಿಗೆ ಆಮ್ಲಜನಕ ಅಂಟಿಕೊಂಡು ಕಂತೆ ಸಡಿಲವಾಗುತ್ತೆ, ನೀರಿನಲ್ಲಿ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತೆ. ಈ ಕಂದು ಬಣ್ಣದ ವಸ್ತುವೇ ಗ್ರಾಫೀನ್ ಆಕ್ಸೈಡ್. ಆದ್ರೆ ಇದರಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ.

ಎರಡನೇ ಹಂತದಲ್ಲಿ ಆಮ್ಲಜನಕವನ್ನ ವಾಪಸ್ ತೆಗೀಬೇಕು. ಹೈಡ್ರಜಿನ್ ಹಾಕ್ತಾರೆ, ಇಲ್ಲವೇ ಕಾಯಿಸ್ತಾರೆ. ವಿಟಮಿನ್ ಸಿ ಹಾಕಿದ್ರೂ ಕೆಲಸ ಆಗುತ್ತೆ. ಪುಡಿ ಕಪ್ಪಾಗುತ್ತೆ, ಕರೆಂಟ್ ಮತ್ತೆ ಹರಿಯುತ್ತೆ. ಆದ್ರೂ ಸ್ವಲ್ಪ ಆಮ್ಲಜನಕ ಉಳಿಯುತ್ತೆ, ಹಾಳೆಯಲ್ಲಿ ತೂತುಗಳಿರುತ್ತವೆ. ಹಾಗಾಗಿ ಟೇಪ್‌ನಿಂದ ಕಿತ್ತ ಹಾಳೆಯ ಗುಣ ಇದಕ್ಕೆ ಪೂರ್ತಿ ಬರಲ್ಲ.

ಆಸಿಡ್ ಇಲ್ಲದ ದಾರಿಯೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಸಿ.ಎನ್.ಆರ್. ರಾವ್ ಅವರ ತಂಡ, ಜಲಜನಕ ತುಂಬಿದ ಪಾತ್ರೆಯಲ್ಲಿ ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿ ಹೆಚ್ಚಾಗಿ 2ರಿಂದ 4 ಪದರದ ಗ್ರಾಫೀನ್ ತಯಾರಿಸಿ 2009ರಲ್ಲಿ ಪ್ರಕಟಿಸಿತು.

ಮನೆಯಲ್ಲಿ ಮಾಡೋಕೆ ಹೋಗಬೇಡಿ

ವಿಡಿಯೋ ನೋಡಿ ಹುಡುಗರು ಪ್ರಯತ್ನಿಸೋದು ಬೇಡ. ಪರ್ಮಾಂಗನೇಟ್‌ಗೆ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಸೇರಿದ್ರೆ ಸ್ಫೋಟಿಸೋ ವಸ್ತು ಹುಟ್ಟುತ್ತೆ.

ಕೊಳ್ಳುವಾಗ ಏನು ಕೇಳಬೇಕು?

* ಒಳಗಿರೋದು ಲೆಡ್-ಆಸಿಡ್ಡಾ, ಲಿಥಿಯಮ್ಮಾ?
* ಎಷ್ಟು ಆಂಪಿಯರ್-ಅವರ್ (ಎಎಚ್)?
* ವಾರಂಟಿ ಎಷ್ಟು ತಿಂಗಳು? ಬದಲಿ ಬ್ಯಾಟರಿ ಕೊಡೋರು ಯಾರು?
* ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆದಿದ್ದಾರಾ?

ಅದೇ ಕಂಪನಿಯ ಗ್ರಾಫೀನ್ ಇಲ್ಲದ ಬ್ಯಾಟರಿಯ ವಾರಂಟಿಯನ್ನೂ ಕೇಳಿ. ಎರಡಕ್ಕೂ ಅಷ್ಟೇ ತಿಂಗಳು ಅಂದ್ರೆ, ಜಾಸ್ತಿ ದುಡ್ಡು ಯಾಕೆ ಅಂತ ಅಂಗಡಿಯವರನ್ನೇ ಕೇಳಿ.