ಅಜ್ಜಿಯ ಅಣ್ಣನಿಗೆ ಕಲ್ಲಿಲ್ಲ, ಹೆಸರಿದೆ

ಊರಿನಿಂದ ದೆಹಲಿ ನೋಡಲು ಬರುವ ನೆಂಟರನ್ನು ನಾನು ತಪ್ಪದೆ ಕರೆದೊಯ್ಯುವ ಜಾಗವೊಂದಿದೆ, ತೀನ್ ಮೂರ್ತಿ ವೃತ್ತ. ಅವರ ಕಣ್ಣೆಲ್ಲ ಎದುರಿನ ಪ್ರಧಾನಮಂತ್ರಿಗಳ ಸಂಗ್ರಹಾಲಯದ ಮೇಲಿರುತ್ತದೆ. ವೃತ್ತದ ನಡುವೆ ನಿಂತ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ನಮ್ಮ ಮೈಸೂರಿನವನು ಅಂದರೆ ನಂಬುವವರು ಕಡಿಮೆ. ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. 1922ರಲ್ಲಿ ನಿಂತ ಈ ಸ್ಮಾರಕ ಮೊದಲ ಮಹಾಯುದ್ಧದಲ್ಲಿ ಮಡಿದ ಆ ಸಂಸ್ಥಾನಗಳ ಕುದುರೆ ಸವಾರರದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಜೋಧಪುರದವರು ನುಗ್ಗಿದಾಗ, ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಬೆಟ್ಟ ಹತ್ತಿದ್ದು ಮೈಸೂರು ಲ್ಯಾನ್ಸರ್ಸ್ ತುಕಡಿ. 2018ರಿಂದ ವೃತ್ತಕ್ಕೆ ‘ತೀನ್ ಮೂರ್ತಿ ಹೈಫಾ ಚೌಕ್’ ಎಂದು ಹೆಸರು. ಆಟೋದವರು ಮಾತ್ರ ಈಗಲೂ ತೀನ್ ಮೂರ್ತಿ ಅಂದರಷ್ಟೇ ಬರುತ್ತಾರೆ!

ನನ್ನ ಹೊಟ್ಟೆಪಾಡು ಕಟ್ಟಡಗಳ ನಿರ್ವಹಣೆ. ಯಾವ ಗೋಡೆಗೆ ಎಷ್ಟು ವರ್ಷಕ್ಕೊಮ್ಮೆ ಬಣ್ಣ, ಯಾವ ತಾರಸಿಗೆ ಎಷ್ಟು ಖರ್ಚು ಎಂದು ಅಂದಾಜುಪಟ್ಟಿ ಬರೆಯುತ್ತಾ ಹನ್ನೊಂದು ವರ್ಷ ಕಳೆದಿದ್ದೇನೆ. ಹಾಗಾಗಿ ಯಾವ ಸ್ಮಾರಕ ಕಂಡರೂ ಕಟ್ಟಿದವರು ಯಾರು ಅನ್ನುವುದಕ್ಕಿಂತ ಮೊದಲು, ಇದರ ಹುಲ್ಲು ಕತ್ತರಿಸುವವರು ಯಾರು, ದುಡ್ಡು ಯಾವ ಖಾತೆಯಿಂದ ಅನ್ನುವ ಪ್ರಶ್ನೆ ಬರುತ್ತದೆ. ಕಟ್ಟುವ ದಿನ ರಿಬ್ಬನ್ ಕತ್ತರಿಸಲು ಹತ್ತು ಜನ ಇರುತ್ತಾರೆ. ಐವತ್ತನೇ ವರ್ಷ ಚರಂಡಿ ಕಟ್ಟಿಕೊಂಡಾಗ ಯಾರಿರುತ್ತಾರೆ?

ಆ ಪ್ರಶ್ನೆಗೆ ಪೂರ್ತಿ ಉತ್ತರ ಇರುವ ಜಾಗ ದೆಹಲಿ ಕಂಟೋನ್ಮೆಂಟಿನ ಬ್ರಾರ್ ಸ್ಕ್ವೇರ್. ಅಲ್ಲಿನ ಯುದ್ಧ ಸ್ಮಶಾನದಲ್ಲಿ ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. 1951ರಲ್ಲಿ ಇದನ್ನು ಮಾಡಿದಾಗ ಅಲಹಾಬಾದ್, ಕಾನಪುರ, ಡೆಹ್ರಾಡೂನ್, ಲಖನೌಗಳ ಕಂಟೋನ್ಮೆಂಟ್ ಸ್ಮಶಾನಗಳಲ್ಲಿ ಚದುರಿದ್ದ ಸಮಾಧಿಗಳನ್ನು ಇಲ್ಲಿಗೆ ತಂದರು. ಕಾರಣ ಸರಳ: ಒಂದೊಂದೂರಲ್ಲಿ ಹತ್ತಿಪ್ಪತ್ತು ಸಮಾಧಿ ಉಳಿದರೆ ಕಾಲಕ್ರಮದಲ್ಲಿ ನೋಡುವವರಿಲ್ಲದೆ ಹಾಳಾಗುತ್ತವೆ, ಒಂದೆಡೆ ಇದ್ದರೆ ಖಾಯಂ ಮಾಲಿಗಳನ್ನು ಇಡಬಹುದು. ದಕ್ಷಿಣ ಮತ್ತು ಪೂರ್ವ ಭಾರತದವನ್ನು ಚೆನ್ನೈನ ನಂದಂಬಾಕ್ಕಂಗೆ, ಪಶ್ಚಿಮ ಮತ್ತು ಮಧ್ಯ ಭಾರತದವನ್ನು ಪುಣೆಯ ಖಡ್ಕಿಗೆ ಸೇರಿಸಿದ್ದೂ ಇದೇ ಲೆಕ್ಕದಲ್ಲಿ. ಆ ಊರುಗಳಲ್ಲಿರುವ ಕನ್ನಡಿಗರು ಒಂದು ಭಾನುವಾರ ಹೋಗಿ ನೋಡಬಹುದು.

ಇವನ್ನೆಲ್ಲ ನೋಡಿಕೊಳ್ಳುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. 1917ರಲ್ಲಿ ರಾಜಸನ್ನದಿನ ಮೂಲಕ ಹುಟ್ಟಿದ ಇದು ಬ್ರಿಟನ್ನಿನದ್ದು ಮಾತ್ರ ಎಂದು ಹಲವರು ಅಂದುಕೊಂಡಿದ್ದಾರೆ. ಅಲ್ಲ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಮತ್ತು ಭಾರತ, ಈ ಆರು ಸರ್ಕಾರಗಳು ಅದರ ಸದಸ್ಯರು. ತಮ್ಮ ತಮ್ಮ ಸೈನಿಕರ ಸಮಾಧಿಗಳ ಸಂಖ್ಯೆಗೆ ತಕ್ಕಂತೆ ವಂತಿಗೆ. ಬ್ರಿಟನ್ನಿನದು ಮುಕ್ಕಾಲು ಪಾಲಿಗಿಂತ ಹೆಚ್ಚು, ಭಾರತದ್ದು ಶೇಕಡಾ ಒಂದರ ಆಸುಪಾಸು. ಎರಡೂ ಮಹಾಯುದ್ಧಗಳಲ್ಲಿ ತಲಾ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕಳಿಸಿದ ದೇಶದ ಪಾಲು ಇಷ್ಟು ಚಿಕ್ಕದೇಕೆ? ನಮ್ಮವರಲ್ಲಿ ಹೆಚ್ಚಿನವರಿಗೆ ಸಮಾಧಿಯೇ ಇಲ್ಲ. ಹಿಂದೂ, ಸಿಖ್ ಸೈನಿಕರನ್ನು ಸುಟ್ಟರು. ಬೂದಿಗೆ ಕಲ್ಲು ನೆಡುವುದಿಲ್ಲವಲ್ಲ.

ಇದು ನನ್ನ ಮನೆಯ ವಿಷಯವೂ ಹೌದು. ನನ್ನ ಅಜ್ಜಿಯ ಅಣ್ಣ ಎರಡನೇ ಮಹಾಯುದ್ಧದ ಹೊತ್ತಿಗೆ ಹಾಸನದ ಕಡೆಯ ಹಳ್ಳಿಯಿಂದ ಪಟಾಲಮ್ಮಿಗೆ ಸೇರಿ ಹೋದವರು. 1944ರಲ್ಲಿ ಈಶಾನ್ಯದ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ಮಲೇರಿಯಾದಿಂದ ತೀರಿಕೊಂಡರಂತೆ. ಮನೆಗೆ ಬಂದಿದ್ದು ಒಂದು ಕಾಗದ, ಆಮೇಲೆ ಅವರ ತಾಯಿಗೆ ಸಣ್ಣ ಪಿಂಚಣಿ. ಕಾಗದ ಗೆದ್ದಲು ತಿಂದಿತು. ಅಜ್ಜಿಗೆ ಈಗ ತೊಂಬತ್ತು ದಾಟಿದೆ. ಬ್ರಾರ್ ಸ್ಕ್ವೇರಿನ ಫೋಟೊಗಳನ್ನು ತಮ್ಮನ ಫೋನಿನಲ್ಲಿ ನೋಡಿ ಅಜ್ಜಿ ಕೇಳಿದ್ದು ಒಂದೇ ಮಾತು: “ಹೊರಗಿನೋರ್ಗೆಲ್ಲ ಇಷ್ಟು ಚೆಂದ ಮಾಡವ್ರಲ್ಲ ಮಗ, ನಮ್ಮಣ್ಣಂಗೆ ಎಲ್ಲಾದ್ರೂ ಒಂದು ಕಲ್ಲು ಐತಾ?”

ಕಲ್ಲಿಲ್ಲ. ಆದರೆ ಅದೇ ಸ್ಮಶಾನದ ಆವರಣದಲ್ಲಿ, ಅವಿಭಜಿತ ಭಾರತದ ಸೇನೆಯಲ್ಲಿದ್ದು ಎರಡನೇ ಯುದ್ಧದಲ್ಲಿ ಸತ್ತ 25,000ಕ್ಕೂ ಹೆಚ್ಚು ಮಂದಿಯ ಸ್ಮಾರಕವಿದೆ. ಅದರ ಜೋಡಿ ಕರಾಚಿಯಲ್ಲಿದೆ. ದೇಶ ಒಡೆದಾಗ ಸತ್ತವರನ್ನು ಹಂಚಲಾಗದೆ ಎರಡೂ ಕಡೆ ನೆನೆದಿದ್ದಾರೆ. ಈ ಒಂದು ಕೆಲಸ ಮಾತ್ರ ಎರಡು ದೇಶಗಳಲ್ಲಿ ಜಗಳವಿಲ್ಲದೆ ಉಳಿದಿದೆ ಅನ್ನಿಸುತ್ತದೆ. ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹುಡುಕಲು ನನಗೆ ಮೂರು ಸಂಜೆ ಬೇಕಾದವು. ಅಂದಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಗೌಡ ಎನ್ನುವುದನ್ನೇ ನಾಲ್ಕು ಬಗೆಯಲ್ಲಿ ಬರೆಯಬಹುದು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ರೆಜಿಮೆಂಟು, ಸತ್ತ ವರ್ಷ, ತಂದೆಯ ಹೆಸರು, ಊರು, ಗೊತ್ತಿದ್ದರೆ ಸೇವಾ ಸಂಖ್ಯೆ, ಎಲ್ಲವನ್ನೂ ಬದಲಿಸಿ ಬದಲಿಸಿ ಹಾಕಿ ನೋಡಿ. ನಮ್ಮವರು ಸಿಕ್ಕಿದ್ದು ತಂದೆಯ ಹೆಸರಿನಿಂದ. ಹೆಸರನ್ನು ಓದಿ ಹೇಳಿದಾಗ ಅಜ್ಜಿ ಅಳಲಿಲ್ಲ. “ಸರ್ಕಾರ್ದೋರ್ ಪುಸ್ತಕದಾಗೆ ಐತೆ ಅಂದ್ರೆ ಸಾಕು ಬಿಡು” ಅಂದರು.

ಆ ಪುಸ್ತಕದಲ್ಲೂ ಇಲ್ಲದವರು ಎಷ್ಟೋ. ಪದವಿ, ಜನಾಂಗ, ಧರ್ಮದ ಭೇದವಿಲ್ಲದೆ ಪ್ರತಿಯೊಬ್ಬರನ್ನೂ ಹೆಸರಿನಿಂದ ಸ್ಮರಿಸುತ್ತೇವೆ ಎಂಬುದು ಆಯೋಗದ ಮೊದಲ ದಿನದ ಮಾತು. ಆದರೆ ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿ, ಭಾರತದ ಸಾಮಾನ್ಯ ಸಿಪಾಯಿಗಳನ್ನು ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆ ಮಾಡಿ ಬಿಟ್ಟಿದ್ದರು. 2021ರಲ್ಲಿ ಆಯೋಗವೇ ಪ್ರಕಟಿಸಿದ ವರದಿ ಇದನ್ನು ಒಪ್ಪಿಕೊಂಡಿತು: ಮೊದಲ ಯುದ್ಧದಲ್ಲಿ ಸತ್ತವರ ಪೈಕಿ 45,000ದಿಂದ 54,000 ಮಂದಿಗೆ, ಬಹುಪಾಲು ಭಾರತ ಮತ್ತು ಆಫ್ರಿಕಾದವರಿಗೆ, ಸಮಾನ ಸ್ಮರಣೆ ಸಿಗಲಿಲ್ಲ. ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಲೇ ಇಲ್ಲ, ಈ ಸಂಖ್ಯೆ ಮೂರೂವರೆ ಲಕ್ಷದವರೆಗೂ ಇರಬಹುದು. ನೂರು ವರ್ಷದ ಮೇಲೆ ಒಪ್ಪಿಕೊಂಡಿದ್ದನ್ನು ದೊಡ್ಡತನ ಎನ್ನಲಾರೆ. ಆದರೂ ಒಪ್ಪಿಕೊಂಡ ಕಾಗದ ಕೈಯಲ್ಲಿದ್ದರೆ ಮುಂದೆ ಕೇಳಲು ದಾರಿ. ಬಿಟ್ಟುಹೋದ ಹೆಸರಿಗೆ ದಾಖಲೆ ಇದ್ದವರು ಆಯೋಗಕ್ಕೆ ಬರೆಯಬಹುದು.

ಇನ್ನು ಕಾನೂನು. ಶತ್ರುವಿನ ಸಮಾಧಿಯನ್ನೂ ಗೌರವದಿಂದ ಕಾಪಾಡಬೇಕು, ಗುರುತು ಹಾಕಿರಬೇಕು ಎನ್ನುತ್ತದೆ 1949ರ ಮೊದಲ ಜಿನೀವಾ ಒಪ್ಪಂದದ 17ನೇ ವಿಧಿ. ಭಾರತ ಇದಕ್ಕಾಗಿ 1960ರಲ್ಲೇ ಕಾಯ್ದೆ ಮಾಡಿದೆ. 1999ರಲ್ಲಿ ಕಾರ್ಗಿಲ್ ಬೆಟ್ಟಗಳಲ್ಲಿ ಪಾಕಿಸ್ತಾನಿ ಸೈನಿಕರನ್ನು ನಮ್ಮ ಸೇನೆ ಅವರ ಧರ್ಮದ ವಿಧಿಯಂತೆ ಮಣ್ಣು ಮಾಡಿದ್ದು ನಮ್ಮ ತಲೆಮಾರಿನವರಿಗೆಲ್ಲ ನೆನಪಿದೆ. ದೇಶದೊಳಗೆ, ಸ್ಮಶಾನಕ್ಕೆ ನುಗ್ಗಿ ಸತ್ತವರಿಗೆ ಅವಮಾನ ಮಾಡಿದರೆ ಒಂದು ವರ್ಷದವರೆಗೆ ಜೈಲು. ಹಳೆಯ ದಂಡಸಂಹಿತೆಯ 297ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 301 ಆಗಿದೆ. ಗಮನಿಸಿ, ಅದು ಶವ ಅಥವಾ ಅವಶೇಷ ಇರುವ ಜಾಗದ ಮಾತು, ಅದೂ ನೋಯಿಸುವ ಉದ್ದೇಶವಿದ್ದರೆ. ಬರೀ ಹೆಸರು ಕೆತ್ತಿದ ಕಂಬಕ್ಕೆ ಅದು ಅನ್ವಯಿಸುವುದು ಕಷ್ಟ. ನೋಡದೆ ಬಿಟ್ಟು ಹಾಳು ಮಾಡುವುದಕ್ಕಂತೂ ಅದರಲ್ಲಿ ಶಿಕ್ಷೆಯೇ ಇಲ್ಲ.

ಬಲವಾದ ಕಾಯ್ದೆ 1958ರ ಪ್ರಾಚೀನ ಸ್ಮಾರಕಗಳದ್ದು. ನೂರು ವರ್ಷ ದಾಟಿದ ಕಟ್ಟಡ, ಸಮಾಧಿ, ಶಾಸನ, ಏಕಶಿಲೆ ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು. ನನ್ನ ಕೆಲಸದಲ್ಲಿ ಈ ಅಳತೆಗೆ ಎಲ್ಲರೂ ಹೆದರುತ್ತಾರೆ. ಆದರೆ ಇಷ್ಟೂ ರಕ್ಷಣೆ ಸಿಗಬೇಕಾದರೆ ಮೊದಲು ರಾಷ್ಟ್ರೀಯ ಮಹತ್ವದ್ದೆಂದು ಘೋಷಣೆ ಆಗಿರಬೇಕು. ರಾಜ್ಯದ 1961ರ ಕಾಯ್ದೆಯದೂ ಇದೇ ದಾರಿ: ಅಧಿಸೂಚನೆ ಇದ್ದರೆ ಸಂರಕ್ಷಿತ, ಇಲ್ಲದಿದ್ದರೆ ಅದೊಂದು ಕಲ್ಲು.

ಘೋಷಣೆ ಇಲ್ಲದ ಸ್ಮಾರಕದ ಗತಿಗೆ ಬೆಂಗಳೂರಿನದೇ ಉದಾಹರಣೆಯಿದೆ. ಈಗಿನ ಹಡ್ಸನ್ ವೃತ್ತದ ಬಳಿ 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿ ಪಡೆಯವರ ಸೆನೊಟಾಫ್ ಇತ್ತು. 1964ರಲ್ಲಿ ಕೆಡವಿದರು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ರಸ್ತೆಯ ಹೆಸರಿನ ಬಗ್ಗೆ ನನಗೆ ಖುಷಿಯೇ. ಕಂಬ ಹೋಗಿದ್ದಕ್ಕೆ ಮಾತ್ರ ಬೇಸರವಿದೆ. ಗೆದ್ದವರದಾದರೂ ಅದು ನಮ್ಮ ಊರು ಕಂಡ ಯುದ್ಧದ ಗುರುತು. ಆ ಮುತ್ತಿಗೆಯಲ್ಲಿ ಕೋಟೆಯೊಳಗೆ ನಿಂತು ಸತ್ತವರ ಹೆಸರನ್ನು ಅದರ ಪಕ್ಕದಲ್ಲೇ ಕೆತ್ತಿದ್ದರೆ ಸಾಕಾಗಿತ್ತು.

ಸತ್ತ ಯೋಧನಿಗೆ ಕಲ್ಲು ನೆಡುವುದನ್ನು ಕನ್ನಡಿಗರು ಲಂಡನ್ನಿನಿಂದ ಕಲಿಯಬೇಕಾಗಿರಲಿಲ್ಲ. ಬೆಂಗಳೂರು ಎಂಬ ಹೆಸರು ಮೊದಲು ಕಾಣುವುದೇ ಬೇಗೂರಿನ ವೀರಗಲ್ಲಿನಲ್ಲಿ. ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದ ಜನ ನಾವು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಅಂಥ ಅದೃಷ್ಟವಿಲ್ಲದ ಸಾವಿರಾರು ವೀರಗಲ್ಲುಗಳು ಕೆರೆ ಏರಿ, ಹೊಲದ ಬದು, ಬಸ್ ನಿಲ್ದಾಣಗಳ ಹಿಂದೆ ನಿಂತಿವೆ, ಇಲ್ಲವೇ ಮಲಗಿವೆ.

ನಮ್ಮೂರ ಕೆರೆ ಏರಿಯ ಮೇಲೂ ಒಂದಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಅಮಾವಾಸ್ಯೆಗೆ ಯಾರೋ ಕುಂಕುಮ ಹಚ್ಚುತ್ತಾರೆ. ಏರಿಯ ರಸ್ತೆ ಅಗಲ ಮಾಡಲಿದ್ದಾರಂತೆ, ಕಲ್ಲಿನ ಪಕ್ಕಕ್ಕೇ ಕೆಂಪು ಬಣ್ಣದ ಗೆರೆ ಬಿದ್ದಿದೆ. ತಮ್ಮ ಫೋಟೊ ಕಳಿಸಿದ್ದಾನೆ. ಯಾವ ಪಟ್ಟಿಯಲ್ಲೂ ನಮ್ಮ ಕಲ್ಲಿನ ಹೆಸರು ನನಗೆ ಸಿಗಲಿಲ್ಲ. ಪುರಾತತ್ತ್ವ ಇಲಾಖೆಗೂ ತಹಶೀಲ್ದಾರರಿಗೂ ಅರ್ಜಿ ಬರೆದಿಟ್ಟಿದ್ದೇನೆ, ಸರ್ವೆ ನಂಬರು, ನಕ್ಷೆ, ನಾಲ್ಕೂ ಬದಿಯ ಫೋಟೊ ಲಗತ್ತಿಸಿದ್ದೇನೆ. ಕಲ್ಲಿನ ಅಳತೆ ಒಂದು ಬಾಕಿ ಇತ್ತು. ನಿನ್ನೆ ರಾತ್ರಿ ಟೇಪು ಹಿಡಿದು ಹೋಗಿ ತಮ್ಮ ಅದನ್ನೂ ಕಳಿಸಿದ: ನೆಲದ ಮೇಲೆ ನಾಲ್ಕೂವರೆ ಅಡಿ, ಅಗಲ ಎರಡೂಕಾಲು, ನೆಲದೊಳಗೆ ಎಷ್ಟಿದೆಯೋ ಅಗೆದು ನೋಡಿಲ್ಲ.