ಗುಳಿಗೆಯ ಡಬ್ಬಿಗೆ ವಿಮೆಯುಂಟೆ?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಅರವತ್ತು ದಾಟಿದ ದೇಹವು ಈ ಗಾದೆಯ ಪೂರ್ವಾರ್ಧಕ್ಕೆ ಸದಾ ತಲೆಬಾಗುವುದಿಲ್ಲ. ಎಷ್ಟು ಹಿತಮಿತವಾಗಿ ಉಂಡರೂ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಹೇಳದೆ ಕೇಳದೆ ಮನೆಯನ್ನು ಸೇರಿ ಖಾಯಂ ಅತಿಥಿಯಾಗಿಬಿಡುತ್ತದೆ. ಆಗ ನೆರವಿಗೆ ಬರಬೇಕಾದದ್ದು ಗಾದೆಯ ಉತ್ತರಾರ್ಧ. ಏಕೆಂದರೆ ಆರೋಗ್ಯ ವಿಮೆಯೆಂಬುದು ಆದ್ಯಂತವಾಗಿ ಮಾತಿನ ವ್ಯವಹಾರ. ಕರಾರುಪತ್ರದ ಮಾತನ್ನು ಮೊದಲೇ ಬಲ್ಲವನಿಗೆ ಮುಂದೆ ಜಗಳದ ಭಯವಿಲ್ಲ.

"ನಮಗೇನು, ಐದು ಲಕ್ಷದ ಪಾಲಿಸಿ ಇದೆ" ಎಂಬ ನೆಮ್ಮದಿಯ ಮಾತು ನಿವೃತ್ತರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಊಟದ ಮೇಜಿನ ಮೇಲೆ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ ಕುಳಿತಿರುವ ಗುಳಿಗೆಯ ಡಬ್ಬಿಯನ್ನು ಆ ಪಾಲಿಸಿ ಕಣ್ಣೆತ್ತಿಯೂ ನೋಡುವುದಿಲ್ಲವೆಂಬುದು ಬಹಳ ಮಂದಿಗೆ ತಿಳಿಯುವುದು, ಔಷಧದಂಗಡಿಯ ಬಿಲ್ಲು ಹಣವಿಲ್ಲದೆ ಹಿಂತಿರುಗಿದಾಗಲೇ.

ಹಾಸಿಗೆಯ ವಿಮೆ

ನಮ್ಮ ದೇಶದಲ್ಲಿ ಮೆಡಿಕ್ಲೇಮ್ ಎಂಬ ವಿಮೆ ಬಳಕೆಗೆ ಬಂದದ್ದು 1986ರಲ್ಲಿ. ಅಂದಿನಿಂದ ಅದರ ವಿವರಗಳು ಅನೇಕ ಸಲ ಬದಲಾಗಿದ್ದರೂ ತಿರುಳು ಮಾತ್ರ ಒಂದೇ: ರೋಗಿಯು ಆಸ್ಪತ್ರೆಗೆ ದಾಖಲಾಗಬೇಕು. ಕಣ್ಣಿನ ಪೊರೆಯಂತಹ, ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಗಳಿಗೂ ಈಗ ಹಣ ದೊರೆಯುತ್ತದೆ. ಆಸ್ಪತ್ರೆಯಲ್ಲಿದ್ದಾಗ ಕೊಟ್ಟ ಔಷಧಗಳ ಬೆಲೆಯೂ ಸಲ್ಲುತ್ತದೆ. ದಾಖಲಾಗುವುದಕ್ಕೆ ಮುಂಚಿನ ಮತ್ತು ಮನೆಗೆ ಮರಳಿದ ನಂತರದ ಕೆಲವು ದಿನಗಳ ಔಷಧಕ್ಕೂ ಅವಕಾಶವುಂಟು. ಎಲ್ಲ ಸಂಸ್ಥೆಗಳೂ 2020ರಿಂದ ಏಕರೂಪವಾಗಿ ಮಾರುತ್ತಿರುವ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ಈ ಅವಧಿ ಮುಂಚೆ 30 ದಿನ, ನಂತರ 60 ದಿನ. ಅದೂ ದಾಖಲಾದ ಕಾಯಿಲೆಗೆ ಸಂಬಂಧಪಟ್ಟ ಔಷಧಕ್ಕೆ ಮಾತ್ರ.

ಉಳಿದ ದಿನಗಳ ಪಾಡೇನು? ದಂಪತಿಗಳಿಬ್ಬರ ಔಷಧಕ್ಕೆ ತಿಂಗಳಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 36,000 ರೂಪಾಯಿ ಆಯಿತು. ಬೆಲೆ ಒಂದು ಕಾಸೂ ಏರದಿದ್ದರೂ ಇಪ್ಪತ್ತು ವರ್ಷಗಳಲ್ಲಿ ಅದು 7,20,000 ರೂಪಾಯಿ. ಐದು ಲಕ್ಷದ ಪಾಲಿಸಿಯನ್ನು ಮೀರಿದ ಮೊತ್ತವು ಸದ್ದಿಲ್ಲದೆ, ನಿವೃತ್ತಿವೇತನದಿಂದಲೇ ಸೋರಿಹೋಗುತ್ತದೆ. ಆದುದರಿಂದ ನಿವೃತ್ತರು ಹಾಸಿಗೆಗೆ ಒಂದು, ಗುಳಿಗೆಗೆ ಒಂದು ಎಂದು ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿಯೇ ಇಡಬೇಕು. ಹೊರರೋಗಿ ವೆಚ್ಚವನ್ನು ಭರಿಸುತ್ತೇವೆಂದು ಕೆಲವು ಸಂಸ್ಥೆಗಳು ಹೆಚ್ಚಿನ ಕಂತು ಪಡೆದು ಸೌಲಭ್ಯ ನೀಡುತ್ತವೆ, ನಿಜ. ಆದರೆ 4,000 ರೂಪಾಯಿ ಹೆಚ್ಚು ತೆತ್ತು 5,000 ರೂಪಾಯಿಯ ಮಿತಿಯನ್ನು ಪಡೆದರೆ ಲಾಭವೆಷ್ಟೆಂಬುದನ್ನು ಬೆರಳೆಣಿಸಿಯೇ ಹೇಳಬಹುದು. ಕಂತನ್ನೂ ಮಿತಿಯನ್ನೂ ಅಕ್ಕಪಕ್ಕದಲ್ಲಿ ಬರೆದು ನೋಡಿದ ಮೇಲೆಯೇ ಒಪ್ಪಿಕೊಳ್ಳುವುದು ಜಾಣತನ.

ಎರಡನ್ನೂ ಕಾಯುವ ಯೋಜನೆ

ಹಾಸಿಗೆ ಗುಳಿಗೆಗಳೆರಡನ್ನೂ ನೋಡಿಕೊಳ್ಳುವ ವ್ಯವಸ್ಥೆ ಇಲ್ಲವೇ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ, ಜನರ ಬಾಯಲ್ಲಿ ಸಿ.ಜಿ.ಎಚ್.ಎಸ್., ದೆಹಲಿಯಲ್ಲಿ 1954ರಲ್ಲಿ ಪ್ರಾರಂಭವಾಯಿತು. ಬೆಂಗಳೂರಿನಲ್ಲಿಯೂ ಅದರ ಕೇಂದ್ರಗಳಿವೆ. ಅಲ್ಲಿ ವೈದ್ಯರು ಬರೆದ ಔಷಧವನ್ನು ಕೇಂದ್ರವೇ ಕೊಡುತ್ತದೆ. ಕೇಂದ್ರ ಸೇವೆಯಿಂದ ನಿವೃತ್ತರಾದವರು ಹತ್ತು ವರ್ಷಗಳ ವಂತಿಗೆಯನ್ನು ಒಮ್ಮೆಗೇ ಕಟ್ಟಿ ಜೀವಮಾನದ ಕಾರ್ಡು ಪಡೆಯಬಹುದು. 2017ರಲ್ಲಿ ನಿಗದಿಯಾದ ದರಗಳ ಪ್ರಕಾರ, ನಿವೃತ್ತರ ವೇತನದ ಹಂತವನ್ನು ಅನುಸರಿಸಿ ಈ ಮೊತ್ತ 30,000 ರೂಪಾಯಿಯಿಂದ 1,20,000 ರೂಪಾಯಿಯವರೆಗೆ ಇದೆ. ಮೇಲೆ ಹೇಳಿದ ಇಪ್ಪತ್ತು ವರ್ಷಗಳ ಲೆಕ್ಕದೊಡನೆ ತೂಗಿ ನೋಡಿದರೆ ಇದಕ್ಕಿಂತ ಅಗ್ಗದ ವ್ಯಾಪಾರ ಮತ್ತೊಂದಿಲ್ಲ. ಸೈನ್ಯದಿಂದ ನಿವೃತ್ತರಾದವರಿಗೆ 2003ರಿಂದ ಇಂತಹುದೇ ಪ್ರತ್ಯೇಕ ಯೋಜನೆಯುಂಟು. ಈ ಹಕ್ಕುಳ್ಳವರು ಏಜೆಂಟರ ಮಾತಿಗೆ ಮರುಳಾಗಿ ಅದನ್ನು ಅಲಕ್ಷಿಸಬಾರದು.

ಎಪ್ಪತ್ತು ವರ್ಷ ತುಂಬಿದವರಿಗೆ, ಆದಾಯವೆಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಯುಷ್ಮಾನ್ ಭಾರತ್ ಸೌಲಭ್ಯವನ್ನು ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ವಿಸ್ತರಿಸಿತು. ಮನೆಯಲ್ಲಿ ಎಪ್ಪತ್ತು ದಾಟಿದವರು ಇಬ್ಬರಿದ್ದರೆ ಮೊತ್ತವನ್ನು ಇಬ್ಬರೂ ಹಂಚಿಕೊಳ್ಳಬೇಕು. ಇದೂ ಹಾಸಿಗೆಯ ವಿಮೆಯೇ. ಬಿಡುಗಡೆಯಾದ ನಂತರದ ಔಷಧಕ್ಕೆ ಇದರಲ್ಲಿರುವ ಅವಧಿ 15 ದಿನ. ಕಾರ್ಡು ಕೈಗೆ ಬಂತೆಂದು ಸುಮ್ಮನಿರದೆ, ತಮ್ಮ ಊರಿನ ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು.

ಕರಾರಿನ ನಾಲ್ಕು ಮಾತುಗಳು

ಖಾಸಗಿ ಪಾಲಿಸಿಯನ್ನು ಕೊಳ್ಳುವವರು ಕಂತಿನ ಅಂಕಿಯನ್ನು ನೋಡುವ ಮುನ್ನ ನಾಲ್ಕು ಮಾತುಗಳ ಅರ್ಥವನ್ನು ತಿಳಿಯಬೇಕು.

ಮೊದಲನೆಯದು ಕಾಯುವ ಅವಧಿ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಕೆಲಕಾಲ ಹಣ ದೊರೆಯುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್‌ನಿಂದ ಈ ಅವಧಿಯ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಆಗಲೇ, 65 ವರ್ಷ ದಾಟಿದವರಿಗೂ ವಿಮೆಯ ಬಾಗಿಲು ತೆರೆಯಿತು.

ಎರಡನೆಯದು ಪಾಲುವೆಚ್ಚ. ಶೇಕಡ 20ರ ಪಾಲುವೆಚ್ಚವಿದ್ದರೆ 4 ಲಕ್ಷದ ಬಿಲ್ಲಿನಲ್ಲಿ 80,000 ರೂಪಾಯಿ ನಮ್ಮ ಕೈಯಿಂದಲೇ ಹೋಗಬೇಕು. ಹಿರಿಯರಿಗೆಂದೇ ಮಾರುವ, ಕಂತು ಕಡಿಮೆಯಿರುವ ಪಾಲಿಸಿಗಳಲ್ಲಿ ಈ ಶರತ್ತು ಅಡಗಿದೆಯೇ ಎಂದು ಹುಡುಕಬೇಕು.

ಮೂರನೆಯದು ಕೊಠಡಿ ಬಾಡಿಗೆಯ ಮಿತಿ. ದಿನಕ್ಕೆ 5,000 ರೂಪಾಯಿ ಮಿತಿಯಿದ್ದು ರೋಗಿಯು 10,000 ರೂಪಾಯಿಯ ಕೊಠಡಿಯನ್ನು ಹಿಡಿದರೆ, ನಷ್ಟವು ಬಾಡಿಗೆಯಲ್ಲಿ ಮಾತ್ರ ಎಂದು ತಿಳಿಯುವುದು ತಪ್ಪು. ಕೊಠಡಿಗೆ ತಕ್ಕಂತೆ ದರ ಏರುವ ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯರ ಶುಲ್ಕ, ಶುಶ್ರೂಷೆ ಮೊದಲಾದವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯಬಹುದು. ಔಷಧ, ದೇಹದೊಳಗೆ ಅಳವಡಿಸುವ ಸಾಧನ ಮತ್ತು ಪರೀಕ್ಷೆಗಳ ವೆಚ್ಚವನ್ನು ಹೀಗೆ ಕತ್ತರಿಸಬಾರದೆಂಬುದು 2020ರ ನಿಯಮ. ಬಿಲ್ಲು ನೋಡುವಾಗ ಇದನ್ನು ನೆನಪಿಡಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸತ್ಯ ನುಡಿ. ಸಕ್ಕರೆ ಕಾಯಿಲೆಯನ್ನು ಬರೆದರೆ ಕಂತು ಹೆಚ್ಚೀತೆಂದು ಮುಚ್ಚಿಟ್ಟವರು ಅತ್ಯಂತ ಅಗತ್ಯದ ಹೊತ್ತಿನಲ್ಲಿ ಬರಿಗೈಯಾಗುತ್ತಾರೆ. ಐದು ವರ್ಷ ಎಡೆಬಿಡದೆ ನಡೆದ ಪಾಲಿಸಿಯನ್ನು, ವಂಚನೆ ಸಾಬೀತಾದ ಹೊರತು, ಸಂಸ್ಥೆಯು ಹಳೆಯ ವಿವರಗಳನ್ನು ಕೆದಕಿ ಪ್ರಶ್ನಿಸುವಂತಿಲ್ಲ. ಅರ್ಜಿಯನ್ನು ಏಜೆಂಟರ ಕೈಗೆ ಬಿಡದೆ ಪ್ರತಿಯೊಂದು ಸಾಲನ್ನೂ ತಾವೇ ಓದಿ ಸಹಿ ಹಾಕಬೇಕು. ಪತ್ರ ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸುವ ಹಕ್ಕೂ ಉಂಟು.

ಕಚೇರಿಯ ಸಾಮೂಹಿಕ ವಿಮೆಯನ್ನೇ ನಂಬಿದವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಾಮಾನ್ಯವಾಗಿ ನಿವೃತ್ತಿಯ ದಿನವೇ ಅದರ ನೆರಳು ಸರಿದುಹೋಗುತ್ತದೆ. ಅದೇ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ಸಾಧ್ಯವೇ, ಈಗಾಗಲೇ ಕಾದ ಅವಧಿ ಲೆಕ್ಕಕ್ಕೆ ಬರುವುದೇ ಎಂದು ಸೇವೆಯಲ್ಲಿರುವಾಗಲೇ ಕೇಳಬೇಕು. ಕಂತು ಏರುವ ಭಯವೂ ಹಿರಿಯರಿಗೆ ಸಹಜ. ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆಜ್ಞೆಯಾಗಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18ರ ಜಿ.ಎಸ್.ಟಿ.ಯನ್ನು ಅದೇ ವರ್ಷದ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಯಿತು.

ಗುಳಿಗೆಯ ಲೆಕ್ಕ

ಇನ್ನು ಡಬ್ಬಿಯ ಕಡೆಗೆ ತಿರುಗೋಣ. ಇಲ್ಲಿ ವಿಮೆಗಿಂತ ವಿವೇಕವೇ ಹೆಚ್ಚು ಉಳಿಸುತ್ತದೆ. ಒಂದೇ ಔಷಧವು ಹತ್ತಾರು ಕಂಪನಿಗಳ ಹೆಸರಿನಲ್ಲಿ ಹತ್ತಾರು ಬೆಲೆಗೆ ಮಾರಾಟವಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ರಕ್ತದೊತ್ತಡದ ಆಮ್ಲೋಡಿಪಿನ್, ಕೊಬ್ಬನ್ನು ಇಳಿಸುವ ಅಟೋರ್ವಾಸ್ಟಾಟಿನ್ ಇವು ಮೂಲ ಹೆಸರುಗಳು. ಪೊಟ್ಟಣದ ಮೇಲೆ ಇವೂ ಮುದ್ರಿತವಾಗಿರುತ್ತವೆ. 2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳು 2025ರ ವೇಳೆಗೆ ದೇಶದಲ್ಲಿ 15,000 ದಾಟಿದವು. ಅಲ್ಲಿ ಬೆಲೆ ಶೇಕಡ 50ರಿಂದ 80ರಷ್ಟು ಕಡಿಮೆಯೆಂದು ಸರ್ಕಾರ ಹೇಳುತ್ತದೆ. "ಡಾಕ್ಟರೇ, ಇದನ್ನು ಮೂಲ ಹೆಸರಿನಲ್ಲಿ ಬರೆದುಕೊಡಬಹುದೇ?" ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಆದರೆ ವೈದ್ಯರನ್ನು ಕೇಳದೆ ಔಷಧವನ್ನೂ ಅದರ ಪ್ರಮಾಣವನ್ನೂ ಬದಲಿಸುವುದು ಮಾತ್ರ ಸಲ್ಲದು.

ವಿಮೆ ದೊರೆಯದ ಹಿರಿಯರಿಗೆ ತೆರಿಗೆಯಲ್ಲಿ ಒಂದು ಸಮಾಧಾನವುಂಟು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಹಿರಿಯರ ವೈದ್ಯಕೀಯ ವೆಚ್ಚವನ್ನು ವರ್ಷಕ್ಕೆ 50,000 ರೂಪಾಯಿಯವರೆಗೆ ಆದಾಯದಿಂದ ಕಳೆಯಬಹುದು. ಹಣವನ್ನು ನಗದಾಗಿ ಕೊಟ್ಟಿರಬಾರದು, ಬಿಲ್ಲುಗಳನ್ನು ಜೋಪಾನವಾಗಿಡಬೇಕು.

ಕೊನೆಯದಾಗಿ ಒಂದು ಸೂಚನೆ. ಬರುವ ಭಾನುವಾರ ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ಮೂರು ಕಾಗದಗಳನ್ನು ಮುಂದಿಟ್ಟುಕೊಳ್ಳಲಿ: ಪಾಲಿಸಿಯ ಪತ್ರ, ಹತ್ತಿರದ ಆಸ್ಪತ್ರೆಗಳ ಪಟ್ಟಿ, ಕಳೆದ ತಿಂಗಳ ಔಷಧದ ಬಿಲ್ಲು. ಯಾವ ಖರ್ಚು ಯಾರ ಪಾಲಿಗೆ ಎಂದು ಪಕ್ಕದಲ್ಲಿ ಬರೆದುಕೊಳ್ಳಲಿ. ಪಾಲಿಸಿ ಕೊಡದ ಮೊತ್ತವೆಷ್ಟೋ ಅಷ್ಟನ್ನು ನಿವೃತ್ತಿವೇತನ ಬಂದ ದಿನವೇ ಬೇರೆ ತೆಗೆದಿಟ್ಟರೆ, ತಿಂಗಳ ಕೊನೆಯಲ್ಲಿ ಹಣ ಸಾಲದೆಂದು ಅಪ್ಪನೋ ಅಮ್ಮನೋ ಯಾರಿಗೂ ಹೇಳದೆ ಒಂದು ಹೊತ್ತಿನ ಗುಳಿಗೆಯನ್ನು ಬಿಡುವ ಪ್ರಸಂಗ ಬರುವುದಿಲ್ಲ.